ಮಣೂಕಕ್ಕೆ (ಒಣದ್ರಾಕ್ಷಿಗೆ) ದ್ರಾಕ್ಷಿ: ಇವತ್ತೇ ಕೊಯ್ಯಬೇಕಾ, ಇನ್ನೂ ತಡೀಬೇಕಾ?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಥಾಮ್ಸನ್ (ಬೀಜವಿಲ್ಲದ ದ್ರಾಕ್ಷಿ ತಳಿ) ತೋಟದಲ್ಲಿ, ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್ 18 ಬ್ರಿಕ್ಸ್ (ಸಿಹಿಯ ಅಳತೆ) ತೋರಿಸಿದರೆ ಹಸಿ ಮಾರಾಟಕ್ಕೆ ಕೊಯ್ಯಬಹುದು. ಮಣೂಕಕ್ಕೆ ಅವಸರ ಬೇಡ. ಸೋಮಾರಿತನಕ್ಕೆ ರೊಕ್ಕ ಸಿಗುವ ಅಪರೂಪದ ಕೆಲಸವಿದು.

18ಕ್ಕೇ ಕೊಯ್ದರೆ ಕ್ವಿಂಟಲ್ ಹಣ್ಣಿಗೆ ಸುಮಾರು 21 ಕಿಲೋ ಮಣೂಕ, ಅದೂ ತೆಳ್ಳಗೆ, ಹುಳಿಹುಳಿ. 22 ಮುಟ್ಟುವ ತನಕ ಸುಮ್ಮನಿದ್ದರೆ 25–26 ಕಿಲೋ. ಗೊನೆಯ ತುದಿಯ ಕಾಳನ್ನೂ ಹಿಂಡಿ ನೋಡಿ. ಮೇಲಿನ ಕಾಳು ಮೊದಲೇ ಸಿಹಿಯಾಗಿ ಮೋಸ ಮಾಡುತ್ತದೆ.

ಒಣಗಿಸುವ ಮೊದಲು ಹಣ್ಣು ಅದ್ದುವ ದ್ರಾವಣ, ಬೇಗ ಕೊಯ್ದರೂ ತಡವಾಗಿ ಕೊಯ್ದರೂ ಒಂದೇ: ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ (ಹಣ್ಣು ಬೇಗ ಒಣಗಲು ಬೆರೆಸುವ ಎಣ್ಣೆ). ಆಮೇಲೆ ಶೆಡ್ಡಿನ ನೆರಳಲ್ಲಿ ಸುಮಾರು 15 ದಿನ ಒಣಗಿಸಿ.

ತಡ ಮಾಡಿದವರಿಗೆ ಕಾಟ ಕೊಡುವುದು ಮಾರ್ಚಿನ ಅಡ್ಡಮಳೆ. ಕಾಳು ಸೀಳಿ ಕೊಳೆಯುತ್ತದೆ, ಮಣೂಕ ಕಪ್ಪಾಗುತ್ತದೆ. ಮೋಡ ಕಟ್ಟಿದ್ದರೆ 20ಕ್ಕೇ ಕತ್ತರಿ ಹಾಕಿ.