ಸೋನಿ ಎ6400 ಅಥವಾ ಒಲಿಂಪಸ್ ಇ-ಎಂ10 ಮಾರ್ಕ್ 4: ಪ್ರವಾಸಕ್ಕೆ ಯಾವ ಕ್ಯಾಮೆರಾ?

ಮೊದಲು ತೂಕ. ಬ್ಯಾಟರಿ ಸೇರಿ ಸೋನಿ 403 ಗ್ರಾಂ, ಒಲಿಂಪಸ್ 383. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಹಾಕಿದರೂ ವ್ಯತ್ಯಾಸ ಒಂದು ಕೋಳಿಮೊಟ್ಟೆಯಷ್ಟೂ ಇಲ್ಲ. ಅದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ವ್ಯತ್ಯಾಸ ಬೇಲೂರು ದೇವಸ್ಥಾನದ ನವರಂಗದೊಳಗೆ ಕಾಲಿಟ್ಟಾಗ ಗೊತ್ತಾಗುತ್ತದೆ. ಒಳಗೆ ಕತ್ತಲು, ಕಂಬದ ಕೆತ್ತನೆ ಮಾತ್ರ ಮಿನುಗುತ್ತದೆ. ಒಲಿಂಪಸ್‌ನಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಬಾಡಿಯೊಳಗೇ, ಅಂದರೆ ಕ್ಯಾಮೆರಾದೊಳಗೇ ಇದೆ, ಯಾವ ಲೆನ್ಸ್ ಹಾಕಿದರೂ ಕೆಲಸ ಮಾಡುತ್ತದೆ. ಹೆಚ್ಚು ಬೆಳಕು ಒಳಬಿಡುವ 25 ಎಂಎಂ ಎಫ್1.8 ಲೆನ್ಸ್ ಹಾಕಿ, ಉಸಿರು ಬಿಗಿಹಿಡಿದು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಕ್ಲಿಕ್ಕಿಸಿದರೂ ಕಲ್ಲಿನ ಮಣಿಸರ ಸ್ಪಷ್ಟವಾಗಿ ಬರುತ್ತದೆ. ಸೋನಿ ಬಾಡಿಯಲ್ಲಿ ಅದಿಲ್ಲ. ಲೆನ್ಸ್ ಹೆಸರಲ್ಲಿ ಓಎಸ್ಎಸ್ (ಲೆನ್ಸೇ ನಡುಕ ತಡೆಯುತ್ತದೆ ಎಂಬ ಗುರುತು) ಇದೆಯಾ ಅಂತ ನೋಡಿಯೇ ಕೊಳ್ಳಬೇಕು.

ಆದರೆ ಕಲ್ಲು ಓಡುವುದಿಲ್ಲ, ಅಲ್ವಾ? ಮಕ್ಕಳು, ಹಕ್ಕಿ, ಜಾತ್ರೆಯ ಕುಣಿತ ಇದ್ದರೆ ಸೋನಿಯೇ ಸರಿ. ಕಣ್ಣಿಗೆ ಫೋಕಸ್ ಹಿಡಿದರೆ ಬಿಡುವುದೇ ಇಲ್ಲ. ಬೆಳಕು ಹಿಡಿಯುವ ಸೆನ್ಸರ್ ಕೂಡ ದೊಡ್ಡದು. ಕಿಟ್ ಲೆನ್ಸ್ ಸ್ವಲ್ಪ ಜಾಸ್ತಿ ಅಗಲ ತೋರಿಸುತ್ತದೆ, ಇಕ್ಕಟ್ಟಾದ ಓಣಿಯಲ್ಲಿ ಉಪಯೋಗ. ವಿಡಿಯೊ ಮಾಡುವವರಿಗೆ ಮೈಕ್ ಜಾಕ್ ಇದೆ, ಒಲಿಂಪಸ್‌ನಲ್ಲಿ ಇಲ್ಲ.

ಚಾರ್ಜಿಂಗ್‌ಗೆ ಎರಡಕ್ಕೂ ಹಳೆಯ ಮೈಕ್ರೊ ಯುಎಸ್‌ಬಿ ಕೇಬಲ್ಲೇ ಬೇಕು. ಮನೆಯಲ್ಲಿ ಮರೆತು ಬಂದರೆ ಫೋನಿನ ಟೈಪ್-ಸಿ ಉಪಯೋಗಕ್ಕೆ ಬರುವುದಿಲ್ಲ.

ದೇವಸ್ಥಾನ, ಬೀದಿ ಸುತ್ತುವ ನನ್ನಂಥವರಿಗೆ ಒಲಿಂಪಸ್. ಜೊತೆಗೆ ಐದು ವರ್ಷದ ತುಂಟ ಬರುವುದಾದರೆ ಸೋನಿ ತಗೊಳ್ಳಿ.