ಮೌಯಿಗೆ ಹೋಗುವವರೇ, "ತಿಮಿಂಗಿಲ ಗ್ಯಾರಂಟಿ" ಅಂದ ಕೂಡಲೇ ಕಾರ್ಡ್ ತೆಗೆಯಬೇಡಿ

ಹವಾಯಿಯ ಮೌಯಿ ದ್ವೀಪದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲ ನೋಡಲು ದೋಣಿ ಬುಕ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 4 ಜನಕ್ಕೆ 356 ಡಾಲರ್ ಹೋಯಿತು. ದುಡ್ಡಿನದು ಒಂದು ಕಡೆ ಇರಲಿ, ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಕೇಳದೆ ಸಹಿ ಹಾಕಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. "ಕಂಡಿತು" ಅಂದರೆ ಏನು ಅರ್ಥ? ಅದೊಂದು ಪ್ರಶ್ನೆ.

ಬುಕಿಂಗ್ ಆದದ್ದು ದೋಣಿಯವರ ಹತ್ತಿರ ನೇರವಾಗಿ ಅಲ್ಲ, ರಸ್ತೆ ಬದಿಯ ಟೂರ್ ಡೆಸ್ಕ್‌ನಲ್ಲಿ. ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ 1:30ರ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ), 2 ಗಂಟೆ. ಡೆಸ್ಕ್‌ನವರು ಹೇಳಿದ್ದು ಇಷ್ಟು: "ಸೀಸನ್ ಮೇ 15ರ ತನಕ ಇದೆ. ನೂರಕ್ಕೆ ನೂರು ಗ್ಯಾರಂಟಿ. ಕಾಣದಿದ್ದರೆ ವಾಪಸ್." ವಾಪಸ್ ಅಂದರು, ಏನು ವಾಪಸ್ ಅಂತ ಹೇಳಲಿಲ್ಲ. ಕೇಳುವವರು ದುಡ್ಡು ಅಂತಲೇ ತಿಳಿದುಕೊಳ್ಳಲಿ ಅಂತ ಬೇಕೆಂದೇ ಹಾಗೆ ಬಿಟ್ಟ ಮಾತು ಅದು.

ಒಂದೊಂದಾಗಿ ಹೇಳುತ್ತೇನೆ. ಸೀಸನ್ ಮೇ 15ರ ತನಕ ಅನ್ನೋದು ಕಾಗದದ ಮೇಲೆ ಸುಳ್ಳಲ್ಲ. ಆದರೆ ತಿಮಿಂಗಿಲ ತುಂಬಿರೋದು ಜನವರಿ, ಫೆಬ್ರವರಿ, ಮಾರ್ಚ್. ಸ್ವಯಂಸೇವಕರು ದಡದಲ್ಲಿ ಕೂತು ತಿಮಿಂಗಿಲ ಎಣಿಸುವುದೂ ಈ ಮೂರು ತಿಂಗಳಲ್ಲೇ. ಇವು ಅಲಾಸ್ಕಾ ಕಡೆಯಿಂದ ಸುಮಾರು 4,800 ಕಿಲೋಮೀಟರ್ ಈಜಿ ಬರೋದು ಕೂಡೋಕೆ, ಮರಿ ಹಾಕೋಕೆ. ಇಲ್ಲಿ ಮೇವಿಲ್ಲ, ತಿಂಗಳುಗಟ್ಟಲೆ ಉಪವಾಸ. ಹೊಸದಾಗಿ ಗರ್ಭ ಕಟ್ಟಿದ ಹೆಣ್ಣುಗಳು ಮೊದಲು ಉತ್ತರಕ್ಕೆ ಹೊರಟುಬಿಡುತ್ತವೆ, ಎಳೆ ಮರಿ ಇರುವ ತಾಯಂದಿರು ಕೊನೆಗೆ. ಏಪ್ರಿಲ್ ಕೊನೆಗೆ ಉಳಿಯೋದು ಬಹುತೇಕ ಅಂಥ ತಾಯಿ-ಮರಿಗಳೇ, ಅವೂ ಅಲ್ಲೊಂದು ಇಲ್ಲೊಂದು. ಒಂದು ಹೆಣ್ಣಿನ ಹಿಂದೆ ನಾಲ್ಕಾರು ಗಂಡುಗಳು ಗುದ್ದಾಡುತ್ತಾ ನುಗ್ಗುವ ದೃಶ್ಯ ಫೆಬ್ರವರಿಯದು. ಡೆಸ್ಕ್‌ನ ಪೋಸ್ಟರ್‌ನಲ್ಲಿ ಹಾಕಿರೋದು ಅದನ್ನೇ.

ಪೋಸ್ಟರ್ ವಿಷಯಕ್ಕೆ ಬಂದರೆ, ಇನ್ನೊಂದು ಫೋಟೋದಲ್ಲಿ ಸ್ನಾರ್ಕೆಲ್ ಹಾಕಿದ ಹೆಂಗಸು ತಿಮಿಂಗಿಲದ ಕಣ್ಣಿನ ಪಕ್ಕದಲ್ಲೇ ಈಜುತ್ತಿದ್ದಾಳೆ. ಹವಾಯಿಯಲ್ಲಿ ಅದು ಅಪರಾಧ! ದೋಣಿಯಾಗಲಿ, ಕಯಾಕ್ ಆಗಲಿ, ಈಜುವವರಾಗಲಿ, ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. ಅದು ಹೋಗುವ ದಾರಿಗೆ ಮುಂಚೆಯೇ ಹೋಗಿ ಅಡ್ಡ ನಿಲ್ಲುವಂತೆಯೂ ಇಲ್ಲ. ಅದಾಗೇ ದೋಣಿ ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ಕಾಯಬೇಕು. ಅನುಮತಿ ಪಡೆದು ಜೊತೆಗೆ ಈಜಿಸೋದು ಟೋಂಗಾದಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನ ಸಿಲ್ವರ್ ಬ್ಯಾಂಕ್ ಅನ್ನೋ ಸಮುದ್ರ ಭಾಗದಲ್ಲಿ. ಅಂಥ ಫೋಟೋವನ್ನು ಮೌಯಿಯ ಡೆಸ್ಕ್‌ನಲ್ಲಿ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಆಮೇಲೆ ಮಧ್ಯಾಹ್ನದ ದೋಣಿ. ಇದನ್ನು ಯಾರೂ ಹೇಳಲ್ಲ. ದೋಣಿ ಹೊರಡೋದು ಮಾಲಾಯಾ ಬಂದರಿನಿಂದ. 2023ರ ಆಗಸ್ಟ್ ಬೆಂಕಿಯಲ್ಲಿ ಲಹೈನಾ ಬಂದರು ಹಾಳಾದ ಮೇಲೆ ಅಲ್ಲಿನ ಎಷ್ಟೋ ದೋಣಿಗಳು ಇಲ್ಲಿಗೇ ಬಂದವು. ಎರಡು ದೊಡ್ಡ ಬೆಟ್ಟಗಳ ನಡುವಿನ ಬಯಲಿನಲ್ಲಿ ಗಾಳಿ ನುಗ್ಗಿ ಬಂದು ಈ ಬಂದರಿನ ಮೇಲೇ ಬೀಳುತ್ತೆ. ಬೆಳಿಗ್ಗೆ ಸಮುದ್ರ ಶಾಂತ, ಮಧ್ಯಾಹ್ನದ ಹೊತ್ತಿಗೆ ನೀರಿನ ತುಂಬಾ ಬಿಳಿ ನೊರೆ. ತಿಮಿಂಗಿಲವನ್ನು ದೂರದಿಂದ ಗುರುತಿಸೋದು ಅದರ ಉಸಿರಿನ ಹಬೆಯಿಂದ. ಅದೂ ಬಿಳಿ, ನೊರೆಯೂ ಬಿಳಿ. ರಾಫ್ಟ್‌ನಲ್ಲಂತೂ ಕೂರೋದೇ ನೀರಿನ ಮಟ್ಟದಲ್ಲಿ, ಮುಂದಿನ ಅಲೆ ದಾಟಿ ಕಣ್ಣು ಹೋಗಲ್ಲ. ಸೊಂಟಕ್ಕೆ ಬೀಳುವ ಏಟು ಬೇರೆ. ಬೆನ್ನುನೋವಿನವರು, ಬಸುರಿಯರು ರಾಫ್ಟ್ ಹತ್ತಲೇಬಾರದು, ಡೆಸ್ಕ್‌ನವರು ಅದನ್ನೂ ಕೇಳಲಿಲ್ಲ.

2 ಗಂಟೆ ಅಂದರೆ ಬಂದರಿನಿಂದ ಬಂದರಿಗೆ. ಲೈಫ್ ಜಾಕೆಟ್, ಸುರಕ್ಷತೆ ಭಾಷಣ, ಹೋಗಿ ಬರೋ ದಾರಿ ಎಲ್ಲ ಅದರಲ್ಲೇ.

ಈಗ ಆ ಕ್ಷಣ. 1 ಗಂಟೆ 20 ನಿಮಿಷ ಏನೂ ಇಲ್ಲ. ಆಮೇಲೆ ಲಾನಾಯಿ ದ್ವೀಪದ ಕಡೆ, ತುಂಬಾ ದೂರದಲ್ಲಿ, ಬೀಡಿ ಹೊಗೆಯಷ್ಟು ಬೆಳ್ಳಗೆ ಏನೋ ಎದ್ದಿತು. ಇನ್ನೊಂದು ಸಲ ಎದ್ದಿತು. ಅಷ್ಟೇ. ಬೆನ್ನಿಲ್ಲ, ಬಾಲವಿಲ್ಲ. ಕ್ಯಾಪ್ಟನ್ ಮೈಕ್‌ನಲ್ಲಿ "ಸಿಕ್ಕಿತು ನೋಡಿ ನಮ್ಮ ತಿಮಿಂಗಿಲ!" ಅಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. 6 ನಿಮಿಷ ಕಾಯ್ದು ದೋಣಿ ತಿರುಗಿಸಿಬಿಟ್ಟರು. 6 ನಿಮಿಷ! ದೊಡ್ಡ ತಿಮಿಂಗಿಲ ಮುಳುಗಿದರೆ ಮತ್ತೆ ಏಳೋಕೆ 10-15 ನಿಮಿಷ ಬೇಕು ಅಂತ ಆ ಕೆಲಸ ಮಾಡುವವರಿಗೆ ಗೊತ್ತಿಲ್ಲವಾ? ಮರಿ 3-5 ನಿಮಿಷಕ್ಕೆ ಉಸಿರಿಗೆ ಮೇಲೆ ಬರುತ್ತೆ, ತಾಯಿ ಕೆಳಗೆ ಇರುತ್ತೆ. ಆ ಕಡೆ ಸಾಗಿ, ನಿಯಮದ ದೂರದಲ್ಲಿ ನಿಂತು ಕಾಯಬೇಕಿತ್ತು. ಕಾಯಲಿಲ್ಲ, ಯಾಕೆಂದರೆ "ಕಂಡಿತು" ಅನ್ನೋ ಲೆಕ್ಕ ಮುಗಿದಿತ್ತು. ಮೈಕ್‌ನಲ್ಲಿ ಹಾಗೆ ಕೂಗಿದ್ದು ಯಾಕೆ ಅಂತ ಅರ್ಥವಾದದ್ದು ದಡಕ್ಕೆ ಬಂದ ಮೇಲೆ.

ದಡದಲ್ಲಿ ಕೇಳಿದ್ದಕ್ಕೆ ಉತ್ತರ: "ಹಬೆ ಕಂಡರೂ ಕಂಡ ಹಾಗೆಯೇ. ಷರತ್ತಿನಲ್ಲಿ ಇದೆ." ನೋಡಿದರೆ ನಿಜ, ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಹಬೆ, ಬೆನ್ನು, ಬಾಲ, ಯಾವುದಾದರೂ, ಎಷ್ಟೇ ದೂರದಲ್ಲಾದರೂ. ಏನೂ ಕಾಣದಿದ್ದರೂ ಕೊಡೋದು ದುಡ್ಡಲ್ಲ, ಇನ್ನೊಂದು ಸಲ ಬರೋಕೆ ವೋಚರ್, ಅದೂ ಸೀಟು ಖಾಲಿ ಇದ್ದರೆ, ಬೇರೆಯವರಿಗೆ ಕೊಡುವಂತಿಲ್ಲ. ಮರುದಿನ ವಿಮಾನ ಹತ್ತುವವರಿಗೆ ವೋಚರ್ ಯಾಕೆ?

ಡೆಸ್ಕ್‌ಗೆ ಹೋದರೆ: "ನಾವು ಏಜೆಂಟರು ಅಷ್ಟೇ, ದೋಣಿಯವರನ್ನು ಕೇಳಿ." ದೋಣಿಯವರು: "ದುಡ್ಡು ತೆಗೆದುಕೊಂಡವರನ್ನು ಕೇಳಿ." ಇಮೇಲ್‌ಗೆ 9 ದಿನ ಬಿಟ್ಟು ಬಂದ ಉತ್ತರ: "ಅವು ಕಾಡುಪ್ರಾಣಿಗಳು, ನಮ್ಮ ಕೈಯಲ್ಲಿಲ್ಲ." ಅದು ಯಾರಿಗೆ ಗೊತ್ತಿಲ್ಲ? ನಿಮ್ಮ ಕೈಯಲ್ಲಿಲ್ಲ ಅಂದಮೇಲೆ ಗ್ಯಾರಂಟಿ ಅಂತ ಮಾರಿದ್ದು ಯಾಕೆ? ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟರೆ, ಸಹಿ ಇದೆ ಅಂತ ಅವರೂ ಕೈಬಿಟ್ಟರು.

ಆದ್ದರಿಂದ: ದೋಣಿಯವರ ಹತ್ತಿರ ನೇರವಾಗಿ ಬುಕ್ ಮಾಡಿ. ಡೆಸ್ಕ್‌ನವರು ಅರ್ಧ ಬೆಲೆಗೆ ಕೊಡುತ್ತೇವೆ ಅಂದರೆ ಹಿಂದೆ ಟೈಮ್‌ಶೇರ್ (ರಜೆಯ ಮನೆಯಲ್ಲಿ ವರ್ಷಕ್ಕೆ ಕೆಲವು ದಿನದ ಪಾಲು) ಮಾರುವ 90 ನಿಮಿಷದ ಭಾಷಣ ಇರುತ್ತೆ, ರಜೆಯ ಒಂದು ಬೆಳಿಗ್ಗೆ ಹಾಳು. ಜನವರಿ ನಡುವಿನಿಂದ ಮಾರ್ಚ್ ಒಳಗೆ, ಬೆಳಗಿನ ಮೊದಲ ದೋಣಿ, ಎತ್ತರದ ಡೆಕ್ ಇರುವ ಕಟಮರಾನ್ (ಜೋಡಿ ಒಡಲಿನ ದೋಣಿ). ನೀರಿಗೆ ಹೈಡ್ರೋಫೋನ್ (ನೀರೊಳಗಿನ ಮೈಕ್) ಇಳಿಸಿ ಗಂಡುಗಳ ಹಾಡು ಕೇಳಿಸುವವರಾದರೆ ಇನ್ನೂ ಒಳ್ಳೆಯದು. ವಾಂತಿಯ ಮಾತ್ರೆ ಹೊರಡುವ 1 ಗಂಟೆ ಮುಂಚೆ ನುಂಗಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ನಿಲ್ಲಲ್ಲ. ಸಹಿಗೆ ಮುಂಚೆ ಎರಡೇ ಮಾತು ಬರೆಸಿಕೊಳ್ಳಿ: ಕಂಡಿತು ಅಂದರೆ ಏನು, ವಾಪಸ್ ಅಂದರೆ ದುಡ್ಡಾ ವೋಚರಾ. ಬರೆದುಕೊಡಲ್ಲ ಅಂದರೆ ಬೇರೆಯವರನ್ನು ನೋಡಿ.

ಫೆಬ್ರವರಿಯಲ್ಲಿ ಹೋದರೆ ಮೊದಲು ದಡದಿಂದಲೇ ನೋಡಿ. ಮಾಲಾಯಾದಿಂದ ಲಹೈನಾ ಕಡೆ ಹೋಗುವ 30ನೇ ನಂಬರ್ ಹೆದ್ದಾರಿಯಲ್ಲಿ ಮೆಕ್‌ಗ್ರೆಗರ್ ಪಾಯಿಂಟ್ ಇದೆ, ಟಿಕೆಟ್ ಇಲ್ಲ. ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ನಿಂತರೆ ಸಾಕು. ಬ್ಯಾಗು ಮಾತ್ರ ಕಾರಿನಲ್ಲಿ ಬಿಟ್ಟು ಹೋಗಬೇಡಿ.