ಬಾನೆಟ್ ಒಳಗಿನ ಕೊಳೆಗೆ ಎರಡು ಲೀಟರ್ ನೀರು ಸಾಕು: ಕೈಪಂಪ್ ಸ್ಪ್ರೇಯರ್, ಡ್ರೆಸ್ಸಿಂಗ್ ಬಳಸಿದ ಅನುಭವ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪೈಪ್ ಹಿಡಿದು ಕಾರು ತೊಳೆಯುವಂತಿಲ್ಲ. ಮೊದಲು ವಾಚ್‌ಮನ್ ಬರುತ್ತಾನೆ, ಹಿಂದೆಯೇ ಸೆಕ್ರೆಟರಿ. ಹಾಗಾಗಿ ಎಂಜಿನ್ ಭಾಗ ಶುಚಿ ಮಾಡಲು ಕೆಲವು ವರ್ಷಗಳಿಂದ ನಾನು ನೆಚ್ಚಿಕೊಂಡಿರುವುದು ಮೂರು ವಸ್ತು: ಗಿಡಗಳಿಗೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪ್ ಸ್ಪ್ರೇಯರ್, ಆಲ್ ಪರ್ಪಸ್ ಕ್ಲೀನರ್, ನೀರು ಆಧಾರಿತ ಡ್ರೆಸ್ಸಿಂಗ್ (ಮಾಸಿದ ಪ್ಲಾಸ್ಟಿಕ್ಕಿಗೆ ಬಣ್ಣ ಮರಳಿಸಲು ಒರೆಸುವ ದ್ರವ). ಮೂರರಲ್ಲಿ ಪೂರ್ತಿ ಅಂಕ ಸ್ಪ್ರೇಯರ್‌ಗೆ.

ಸರ್ವಿಸ್ ಸೆಂಟರಿನ ಪ್ರೆಶರ್ ವಾಷರ್ ನೋಡಲು ಭರ್ಜರಿ. ಆದರೆ ಆ ರಭಸಕ್ಕೆ ನೀರು ಕನೆಕ್ಟರುಗಳ ರಬ್ಬರ್ ಸೀಲ್ ದಾಟಿ ಒಳಗೆ ಹೋಗಬಹುದು. ಕೈಪಂಪಿನದು ಮಳೆಯ ಹನಿಗಿಂತ ಸ್ವಲ್ಪ ಜೋರು, ಅಷ್ಟೇ. ಬೇಕಾದ ಮೂಲೆಗೆ ಮಾತ್ರ ಹೊಡೆಯಬಹುದು, ನೆಲವೂ ಕೆಸರಾಗುವುದಿಲ್ಲ. ಕುಂದಾಪುರಕ್ಕೆ ಹೋಗಿ ಬಂದರೆ ಎನ್‌ಎಚ್ 66ರ ಕೆಂಪು ಧೂಳು ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ, ಗಾಜು ತೊಳೆಯುವ ನೀರಿನ ಡಬ್ಬಿಯ ಕುತ್ತಿಗೆಯಲ್ಲಿ, ಬಾನೆಟ್ ಹಿಂಜಿನ ಸಂದಿಯಲ್ಲಿ ಪುಡಿ ಕುಂಕುಮದ ಹಾಗೆ ಕೂತಿರುತ್ತದೆ. ಅದಕ್ಕೆ ಮೊದಲು ಒಣ ಬ್ರಶ್, ಆಮೇಲೆ ನೀರು. ಒದ್ದೆ ಮಾಡಿ ಉಜ್ಜಿದರೆ ಕೆಸರು ಇನ್ನೂ ಒಳಗೆ ಇಳಿಯುತ್ತದೆ.

ಎಂಜಿನ್ ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಬಿಸಿ ಇದ್ದರೆ ಕ್ಲೀನರ್ ಅಲ್ಲೇ ಒಣಗಿ ಬಿಳಿ ಕಲೆ ಕಟ್ಟುತ್ತದೆ. ಕಾದ ಎಕ್ಸಾಸ್ಟ್ ಮೇಲೆ ತಣ್ಣೀರು ಬೀಳುವುದೂ ಒಳ್ಳೆಯದಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುತ್ತೇನೆ, ನಮ್ಮ ಕಾರಿಗೆ 10 ಎಂಎಂ ಸ್ಪ್ಯಾನರ್ ಸಾಕು. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ, ಪರವಾಗಿಲ್ಲ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಗಾಳಿ ಒಳಗೆ ಹೋಗುವ ಬಾಯಿ, ಇಗ್ನಿಷನ್ ಕಾಯಿಲ್ ಇಷ್ಟಕ್ಕೂ ಹಾಲಿನ ಪ್ಲಾಸ್ಟಿಕ್ ಚೀಲ, ಮೇಲೆ ರಬ್ಬರ್ ಬ್ಯಾಂಡ್. ನಮ್ಮದು ಸಿಎನ್‌ಜಿ ಕಾರು, ಮುಂಬಯಿಯಲ್ಲಿ ಅರ್ಧ ಊರಿನದೂ ಅದೇ. ಗ್ಯಾಸ್ ರೆಗ್ಯುಲೇಟರ್, ಇಂಜೆಕ್ಟರ್ ರೈಲ್, ಅದರ ಸಣ್ಣ ಇಸಿಯು (ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ಇರುವ ಕಡೆ ಒದ್ದೆ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರು ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳ ಹತ್ತಿರವೂ ಹೋಗಬೇಡಿ.

ಕ್ಲೀನರನ್ನು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಬಳಸುತ್ತೇನೆ. ಗ್ರೀಸ್ ಗಟ್ಟಿಯಾಗಿದ್ದರೆ ಮಾತ್ರ ಒಂದಕ್ಕೆ ನಾಲ್ಕು. ಗ್ಯಾರೇಜಿನ ಸೀಮೆಎಣ್ಣೆ ವಿದ್ಯೆ ನನಗೆ ಸುತರಾಂ ಒಪ್ಪಿಗೆ ಇಲ್ಲ ಮಾರಾಯ್ರೇ. ರಬ್ಬರ್ ಹೋಸು ಉಬ್ಬುತ್ತದೆ, ಬೆಂಕಿಯ ಭಯ ಬೇರೆ.

ಇನ್ನು ಡ್ರೆಸ್ಸಿಂಗ್. ಮೊದಲು ತಂದಿದ್ದ ಸಿಲಿಕೋನ್ ಸ್ಪ್ರೇ ಷೋರೂಮ್ ಹೊಳಪು ಕೊಟ್ಟಿತ್ತು, ವಾರ ಕಳೆಯುವುದರೊಳಗೆ ಧೂಳು ಅದಕ್ಕೇ ಅಂಟಿ ಕಪ್ಪು ಪದರವಾಗಿತ್ತು. ನೀರು ಆಧಾರಿತದ್ದು ಅಷ್ಟು ಮಿಂಚುವುದಿಲ್ಲ, ಮಂದ ಕಪ್ಪು ಬರುತ್ತದೆ. ಬೂದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕವರುಗಳಿಗೆ ಇದೇ ಚೆಂದ. ನೇರ ಸ್ಪ್ರೇ ಮಾಡದೆ ಬಟ್ಟೆಗೆ ಹಾಕಿಕೊಂಡು ಒರೆಸಿ. ಬೆಲ್ಟ್, ಪುಲ್ಲಿಗೆ ತಾಗಿದರೆ ಬೆಲ್ಟ್ ಜಾರಿ ಕೀಂಯ್ ಎನ್ನುತ್ತದೆ. ಮಳೆಗಾಲದಲ್ಲಿ ಈ ಡ್ರೆಸ್ಸಿಂಗ್ ಬೇಗ ಮಾಸುತ್ತದೆ, ಅದು ಅದರ ಮಿತಿ. ಇಲಿ ಓಡಿಸುತ್ತದೆ ಎಂಬ ಅಂಗಡಿಯವನ ಮಾತು ಶುದ್ಧ ಬೊಗಳೆ. ನಮ್ಮ ಬಿಲ್ಡಿಂಗಿನ ಶೆಟ್ಟರು ಒಳಗೆ ಹೊಗೆಸೊಪ್ಪು ಕಟ್ಟಿ ನೇತುಹಾಕಿದ್ದಾರೆ, ಎಸಿ ಹಾಕಿದರೆ ಕಾರಿನ ತುಂಬ ಅದೇ ವಾಸನೆ.

ತೊಳೆದ ಮೇಲೆ ಚೀಲ ತೆಗೆದು, ಬಟ್ಟೆಯಲ್ಲಿ ಒರೆಸಿ, ಕನೆಕ್ಟರುಗಳು ಒಣಗಿದ್ದು ನೋಡಿ ಬ್ಯಾಟರಿ ಜೋಡಿಸಿ. ಬಾನೆಟ್ ತೆರೆದಿಟ್ಟೇ ಹತ್ತು ಹದಿನೈದು ನಿಮಿಷ ಎಂಜಿನ್ ಓಡಲಿ. ವೈಪರ್ ಕೆಳಗಿನ ಜಾಲರಿಯಲ್ಲಿ ಮಳೆಮರದ ಸಣ್ಣ ಎಲೆ ಸಿಕ್ಕಿದ್ದರೆ ಕಿತ್ತುಹಾಕಿ, ಅಲ್ಲಿನ ತೂತು ಕಟ್ಟಿದರೆ ನೀರು ಕ್ಯಾಬಿನ್ನಿಗೇ ಇಳಿಯುತ್ತದೆ. ಶುಚಿ ಇದ್ದುದರಿಂದಲೇ ವಾಲ್ವ್ ಕವರ್ ಗ್ಯಾಸ್ಕೆಟಿನಿಂದ ಆಯಿಲ್ ಜಿನುಗುವುದು ಕಣ್ಣಿಗೆ ಬಿತ್ತು. ಎಲ್ಲಿ ಸೋರುತ್ತಿದೆ ಎಂದು ಮೆಕ್ಯಾನಿಕ್ ಹುಡುಕುವ ಕೆಲಸವೇ ಉಳಿಯಲಿಲ್ಲ. ಆದರೆ ಕಾರು ಮಾರುವ ಮುಂಚಿನ ದಿನ ಈ ಕೆಲಸ ಬೇಡ, ಎಂಜಿನ್ ಮಿರಿಮಿರಿ ಮಿಂಚುತ್ತಿದ್ದರೆ ಕೊಳ್ಳುವವನಿಗೆ ಅನುಮಾನ.

ಸ್ಪ್ರೇಯರಿನ ಒಂದೇ ದೂರು ಪಂಪಿನ ರಬ್ಬರ್ ವಾಷರ್. ಕ್ಲೀನರ್ ತುಂಬಿಟ್ಟರೆ ಅದು ಗಟ್ಟಿಯಾಗಿ ಗಾಳಿ ನಿಲ್ಲುವುದಿಲ್ಲ. ಬಳಸಿದ ಮೇಲೆ ಬರೀ ನೀರು ಹಾಕಿ ಒಮ್ಮೆ ಹೊಡೆದು, ಪ್ರೆಶರ್ ಬಿಟ್ಟು ಇಡಿ. ಕೊಳ್ಳುವಾಗಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಅಳತೆಯ ವಾಷರ್ ಒಂದೆರಡು ಕೇಳಿ ತೆಗೆದುಕೊಳ್ಳಿ.